ಕೆಂಪು ಎಚ್ಚರಿಕೆ ಕಂಡ ಕೂಡಲೇ ಎಕ್ಸ್‌ಪೋಶರ್ ಇಳಿಸಬೇಡಿ: ಕಲರ್ ಸ್ಪೇಸ್, ಹೈಲೈಟ್ ಕ್ಲಿಪಿಂಗ್ ಹಂತ ಹಂತವಾಗಿ

ಚೆಂಡುಹೂವಿನ ರಾಶಿಯ ಫೋಟೊವನ್ನು ಎಡಿಟಿಂಗ್ ತಂತ್ರಾಂಶದಲ್ಲಿ ತೆರೆದು, ವಿವರ ಅಳಿಸಿಹೋದ ಜಾಗ ತೋರಿಸುವ ಕ್ಲಿಪಿಂಗ್ ಎಚ್ಚರಿಕೆ ಹಾಕಿದರೆ ಅರ್ಧ ರಾಶಿ ಕೆಂಪು ಕಲೆಗಳಿಂದ ತುಂಬಿಹೋಗುತ್ತದೆ. ಆಗ ಹೆಚ್ಚಿನವರು ಮಾಡುವ ಮೊದಲ ಕೆಲಸ ಎಕ್ಸ್‌ಪೋಶರ್ (ಇಡೀ ಫೋಟೊದ ಬೆಳಕು) ಸ್ಲೈಡರನ್ನು ಎಡಕ್ಕೆ ಎಳೆಯುವುದು. ಕಲೆ ಹೋಗುತ್ತದೆ. ಜೊತೆಗೆ ಹೂವಿನ ಕಳೆಯೂ ಹೋಗುತ್ತದೆ, ಹಿಂದೆ ನಿಂತ ಹೂವಾಡಗಿತ್ತಿಯ ಮುಖವೂ ಕಪ್ಪಾಗುತ್ತದೆ. ಇಷ್ಟೆಲ್ಲ ಆದ ಮೇಲೂ ಎಕ್ಸ್‌ಪೋರ್ಟ್ ಮಾಡಿ ಫೋನಿನಲ್ಲಿ ನೋಡಿದರೆ ಹೂವು ಬಣ್ಣದ ಮುದ್ದೆಯ ಹಾಗೇ ಇರುತ್ತದೆ, ಎಸಳು ಕಾಣುವುದಿಲ್ಲ.

ಯಾಕೆಂದರೆ ಅಲ್ಲಿ ಬೆಳಕು ಜಾಸ್ತಿಯಾಗಿರಲೇ ಇಲ್ಲ. ಬಣ್ಣ ಜಾಸ್ತಿಯಾಗಿತ್ತು. ಇವೆರಡೂ ಬೇರೆ ಬೇರೆ ತೊಂದರೆ, ಮದ್ದೂ ಬೇರೆ ಬೇರೆ. ಯಾವುದು ಯಾವುದೆಂದು ಕಂಡುಹಿಡಿಯುವುದು ಹೇಗೆ ಅನ್ನುವುದಕ್ಕೇ ಈ ಲೇಖನ.

ಮುಂಬೈಯಲ್ಲಿ ಕ್ಯಾಮೆರಾ ಹಿಡಿದು ಓಡಾಡುವ ನಮ್ಮ ಕನ್ನಡಿಗರಿಗೆ ಇದು ದಿನದಿನದ ಕಷ್ಟ. ದಾದರ್‌ನ ಹೂವಿನ ಮಾರ್ಕೆಟ್ ಇದೆ. ಗಣೇಶ ಚತುರ್ಥಿಯ ಮಂಟಪಗಳಿವೆ. ಮರೀನ್ ಡ್ರೈವ್‌ನ ಸೂರ್ಯಾಸ್ತವಿದೆ. ಎಲ್ಲಕ್ಕಿಂತ ಕಷ್ಟದ್ದು ಯಕ್ಷಗಾನ. ಪತ್ತನಾಜೆ ಕಳೆದು ಊರಿನಲ್ಲಿ ಮೇಳಗಳ ತಿರುಗಾಟ ನಿಂತ ಮೇಲೆ ಮಳೆಗಾಲದಲ್ಲಿ ಕಲಾವಿದರು ಇಲ್ಲಿಗೆ ಬರುತ್ತಾರೆ, ಕುರ್ಲಾದ ಬಂಟರ ಭವನ, ಸಾಂತಾಕ್ರೂಜ್‌ನ ಬಿಲ್ಲವ ಭವನ, ಮಾಟುಂಗಾದ ಮೈಸೂರು ಅಸೋಸಿಯೇಷನ್ ಅಂತ ಸಭಾಂಗಣಗಳಲ್ಲಿ ಆಟ ಇರುತ್ತದೆ, ನಾವೆಲ್ಲ ಮುಂದಿನ ಸಾಲಿನಲ್ಲಿ ಕೂತು ಕ್ಲಿಕ್ಕಿಸುತ್ತೇವೆ. ಗಾಢ ಕೆಂಪು, ಹಸಿರು, ಚಿನ್ನದ ಬಣ್ಣದ ವೇಷ, ಅದರ ಮೇಲೆ ಎಲ್‌ಇಡಿ ಬೆಳಕು. ಕ್ಲಿಪಿಂಗ್ ಅಂದರೇನೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಮೊದಲು ಎರಡು ಮಾತು ಗೊತ್ತಿರಲಿ

ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆಗಳಿರುತ್ತವೆ. ಜೆಪೆಗ್‌ನಂಥ 8 ಬಿಟ್ ಫೈಲ್‌ನಲ್ಲಿ ಒಂದೊಂದೂ 0ಯಿಂದ 255ರವರೆಗೆ. 255 ಮುಟ್ಟಿದ ಮೇಲೆ ಮುಂದೆ ಜಾಗ ಇಲ್ಲ. ಪಕ್ಕಪಕ್ಕದ ಎಸಳುಗಳ ಕೆಂಪು ನಿಜದಲ್ಲಿ ಬೇರೆ ಬೇರೆ ಇದ್ದರೂ ಫೈಲ್‌ನಲ್ಲಿ ಎಲ್ಲವೂ 255 ಅಂತಲೇ ಬರೆದುಕೊಂಡರೆ ಅವುಗಳ ನಡುವಿನ ಗೆರೆ ಅಳಿಸಿಹೋಗುತ್ತದೆ. ಇದೇ ಹೈಲೈಟ್ ಕ್ಲಿಪಿಂಗ್. ಕೆಳಗಿನ ತುದಿಯಲ್ಲೂ ಇದೇ ಕತೆ. 0ಗಿಂತ ಕೆಳಗೆ ಹೋಗಬೇಕಾದ ಸಂಖ್ಯೆ 0ಯಲ್ಲೇ ನಿಲ್ಲುತ್ತದೆ. ಈ ಕೆಳಗಿನ ತುದಿಯನ್ನು ನೆನಪಿಟ್ಟುಕೊಳ್ಳಿ. ತುಂಬಾ ಬೆಳಗುವ ಹೂವಿನಲ್ಲೂ ಅದು ಕೆಲಸ ಕೆಡಿಸುತ್ತದೆ.

ಇನ್ನು ಕಲರ್ ಸ್ಪೇಸ್. ಕೆಂಪು 255 ಅಂದರೆ ಯಾವ ಕೆಂಪು? ಸಂಖ್ಯೆ ಅಷ್ಟರಿಂದಲೇ ಗೊತ್ತಾಗುವುದಿಲ್ಲ. "ಪಾತ್ರೆ ತುಂಬಿದೆ" ಅಂದ ಮಾತ್ರಕ್ಕೆ ಅಕ್ಕಿ ಎಷ್ಟಿದೆ ಅಂತ ಹೇಳಲಾಗುತ್ತದೆಯೇ? ಪಾವಾ, ಸೇರಾ ಅಂತ ಗೊತ್ತಿರಬೇಕು. ಕಲರ್ ಸ್ಪೇಸ್ ಅಂದರೆ ಆ ಅಳತೆ. ಎಸ್‌ಆರ್‌ಜಿಬಿ, ಅಡೋಬಿ ಆರ್‌ಜಿಬಿ, ಪ್ರೊಫೋಟೊ ಆರ್‌ಜಿಬಿ ಅಂಥ ಮೂರು ಅಳತೆಗಳು. ಈಗ ನಿಜವಾದ ಸಂಖ್ಯೆಗಳನ್ನೇ ನೋಡಿ. ಎಸ್‌ಆರ್‌ಜಿಬಿಯ ಅಪ್ಪಟ ಕೆಂಪು 255, 0, 0. ಅದೇ ಬಣ್ಣವನ್ನು ಅಡೋಬಿ ಆರ್‌ಜಿಬಿಯಲ್ಲಿ ಬರೆದರೆ 219, 0, 0. ಪ್ರೊಫೋಟೊ ಆರ್‌ಜಿಬಿಯಲ್ಲಿ ಬರೆದರೆ ಸುಮಾರು 179, 70, 26. ಬಣ್ಣ ಒಂದೇ, ಕಣ್ಣಿಗೂ ಒಂದೇ. ಆದರೆ ಮೊದಲನೆಯದು ತುದಿ ಮುಟ್ಟಿ ನಿಂತಿದೆ, ಕೊನೆಯದರಲ್ಲಿ ಇನ್ನೂ ಬೇಕಾದಷ್ಟು ಜಾಗ ಇದೆ.

ಹಾಗಾಗಿ "ಈ ಫೋಟೊ ಕ್ಲಿಪ್ ಆಗಿದೆಯಾ?" ಅನ್ನುವ ಪ್ರಶ್ನೆಯೇ ಅರ್ಧ. "ಯಾವ ಕಲರ್ ಸ್ಪೇಸ್‌ನಲ್ಲಿ?" ಅಂತಲೂ ಕೇಳಲೇಬೇಕು.

ಈ ಹೆಸರುಗಳ ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಎಸ್‌ಆರ್‌ಜಿಬಿಯನ್ನು 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ಮಾಡಿದ್ದು, ಆ ಕಾಲದ ದಪ್ಪ ಗಾಜಿನ ಮಾನಿಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು. 1999ರಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವಾಯಿತು. ಇವತ್ತಿಗೂ ಇಂಟರ್ನೆಟ್‌ನ ರೂಢಿಯ ಅಳತೆ ಅದೇ. ಅಡೋಬಿ ಆರ್‌ಜಿಬಿ 1998ರದು, ಮುದ್ರಣದ ಶಾಯಿಗಳು ಕೊಡುವ ಹಸಿರು-ನೀಲಿ ಬಣ್ಣಗಳನ್ನೂ ಒಳಗೆ ತರಬೇಕು ಅಂತ ಮಾಡಿದ್ದು. ಪ್ರೊಫೋಟೊ ಕೊಡಾಕ್‌ನವರದು. ಅದು ಎಷ್ಟು ದೊಡ್ಡದೆಂದರೆ ಅದರ ಮೂಲೆಗಳಲ್ಲಿ ಮನುಷ್ಯರ ಕಣ್ಣಿಗೆ ಕಾಣಲಾಗದ, ಬರೀ ಲೆಕ್ಕದಲ್ಲಿರುವ ಬಣ್ಣಗಳೂ ಇವೆ. ಡಿಸ್‌ಪ್ಲೇ ಪಿ3 ಆಪಲ್‌ನದು, ಸಿನಿಮಾ ಪ್ರೊಜೆಕ್ಟರ್‌ಗಳ ಅಳತೆಯಿಂದ ಬಂದದ್ದು. 2016ರ ಐಫೋನ್ 7ರಿಂದ ಈಚೆಗೆ ಐಫೋನ್ ಫೋಟೊಗಳು ಅದರಲ್ಲೇ ಬರುತ್ತವೆ.

ಹಂತ 1: ಕ್ಯಾಮೆರಾದಲ್ಲಿ

ರಾ ಫೈಲ್‌ನಲ್ಲೇ ತೆಗೆಯಿರಿ, ಅಂದರೆ ಸೆನ್ಸರ್ ಹಿಡಿದದ್ದನ್ನು ಹಾಗೇ ಇಡುವ ಫೈಲ್. ಜೆಪೆಗ್‌ನಲ್ಲಿ ತೆಗೆದರೆ ಕ್ಯಾಮೆರಾ ತಾನೇ ಬಣ್ಣ ಕಟ್ಟಿ, ಕತ್ತರಿಸಿ, 8 ಬಿಟ್‌ಗೆ ಇಳಿಸಿ ಕೊಡುತ್ತದೆ, ಅಲ್ಲಿ ಹೋದದ್ದು ಮತ್ತೆ ಬರುವುದಿಲ್ಲ. 14 ಬಿಟ್ ರಾದಲ್ಲಿ ಒಂದೊಂದು ಚಾನೆಲ್‌ಗೂ (ಕೆಂಪು, ಹಸಿರು, ನೀಲಿ ಒಂದೊಂದಕ್ಕೂ) 16,384 ಮೆಟ್ಟಿಲುಗಳು. 8 ಬಿಟ್‌ನಲ್ಲಿ 256 ಮಾತ್ರ.

ಕ್ಯಾಮೆರಾ ಮೆನುವಿನಲ್ಲಿ ಎಸ್‌ಆರ್‌ಜಿಬಿ ಅಥವಾ ಅಡೋಬಿ ಆರ್‌ಜಿಬಿ ಅಂತ ಕೇಳುತ್ತದಲ್ಲ, ಅದು ಜೆಪೆಗ್‌ಗೆ ಮಾತ್ರ. ರಾ ಫೈಲ್‌ನ ದತ್ತಾಂಶಕ್ಕೆ ಅದರಿಂದ ಏನೂ ಆಗುವುದಿಲ್ಲ. ಅಡೋಬಿ ಆರಿಸಿದರೆ ಫೈಲ್ ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಬರುತ್ತದೆ ಅಷ್ಟೆ. ಜೆಪೆಗ್ಗನ್ನು ಸೀದಾ ವಾಟ್ಸಾಪ್‌ಗೆ ಹಾಕುವ ಅಭ್ಯಾಸ ಇದ್ದರೆ ಎಸ್‌ಆರ್‌ಜಿಬಿಯಲ್ಲೇ ಇಡಿ.

ಇದಕ್ಕಿಂತ ಮುಖ್ಯವಾದದ್ದು ಹಿಸ್ಟೊಗ್ರಾಮ್, ಅಂದರೆ ಎಡಕ್ಕೆ ಕಪ್ಪು, ಬಲಕ್ಕೆ ಬೆಳಕು ಅಂತ ಎಷ್ಟೆಷ್ಟು ಪಿಕ್ಸೆಲ್ ಇವೆ ಎಂದು ತೋರಿಸುವ ನಕ್ಷೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಒಂದು ಬಿಳಿ ಹಿಸ್ಟೊಗ್ರಾಮ್ ಇರುತ್ತದೆ, ಮೂರು ಬಣ್ಣಗಳನ್ನು ಬೇರೆ ಬೇರೆ ತೋರಿಸುವ ಇನ್ನೊಂದೂ ಇರುತ್ತದೆ. ಎರಡನೆಯದನ್ನು ಆನ್ ಮಾಡಿ. ಬಿಳಿಯದು ಹೊಳಪಿನ ಲೆಕ್ಕ, ಅದರಲ್ಲಿ ಹಸಿರಿನ ಪಾಲೇ ಜಾಸ್ತಿ. ರಂಗದ ಮೇಲೆ ನೀಲಿ ಎಲ್‌ಇಡಿ ಬಿದ್ದಾಗ ನೀಲಿ ಚಾನೆಲ್ ಗೋಡೆಗೆ ಬಡಿದು ನಿಂತಿದ್ದರೂ ಬಿಳಿ ಹಿಸ್ಟೊಗ್ರಾಮ್ ಮಧ್ಯದಲ್ಲಿ ಹಾಯಾಗಿ ಕೂತಿರುತ್ತದೆ. ಅದನ್ನು ನಂಬಿ ಎಕ್ಸ್‌ಪೋಶರ್ ಏರಿಸಿದಿರೋ, ಪಾತ್ರಧಾರಿಯ ಮುಖ ನೀಲಿ ಕಾಗದ ಅಂಟಿಸಿದ ಹಾಗಾಗುತ್ತದೆ.

ಒಂದು ಮಾತು ಮಾತ್ರ ತಲೆಯಲ್ಲಿರಲಿ. ರಾ ತೆಗೆದರೂ ಕ್ಯಾಮೆರಾ ತೋರಿಸುವ ಹಿಸ್ಟೊಗ್ರಾಮ್ ಒಳಗಿನ ಜೆಪೆಗ್‌ನದು. ಪಿಕ್ಚರ್ ಸ್ಟೈಲ್ ವಿವಿಡ್‌ನಲ್ಲಿದ್ದರೆ ಅದು ಸುಮ್ನೆ ಹೆದರಿಸುತ್ತದೆ. ನ್ಯೂಟ್ರಲ್‌ನಲ್ಲಿಡಿ, ನಿಜಕ್ಕೆ ಹತ್ತಿರ ಬರುತ್ತದೆ.

ಹಂತ 2: ಮಾನಿಟರ್

ಇಲ್ಲಿ ಜಾಸ್ತಿ ಹೇಳುವುದಿಲ್ಲ. ನೈಟ್ ಲೈಟ್, ಟ್ರೂ ಟೋನ್ ತರಹದ್ದು ಏನಿದ್ದರೂ ಆಫ್ ಮಾಡಿ. ಬ್ರೈಟ್‌ನೆಸ್ ಪೂರ್ತಿ ಏರಿಸಿ ಕೂರಬೇಡಿ. ಕ್ಯಾಲಿಬ್ರೇಟರ್ ಇದ್ದರೆ ಚದರ ಮೀಟರಿಗೆ 100ರಿಂದ 120 ಕ್ಯಾಂಡೆಲಾ ಸುತ್ತ ಇಡಿ. ಸಾಧಾರಣ ಮಾನಿಟರ್‌ಗಳು ಎಸ್‌ಆರ್‌ಜಿಬಿಯಷ್ಟೇ ಬಣ್ಣ ತೋರಿಸುತ್ತವೆ, ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳು ಅಷ್ಟನ್ನೂ ತೋರಿಸುವುದಿಲ್ಲ. ಹಾಗಾಗಿ ಗಾಢ ಬಣ್ಣಗಳ ವಿಷಯಕ್ಕೆ ಬಂದಾಗ ಕಣ್ಣಿಗಿಂತ ಸಂಖ್ಯೆಯನ್ನು ನಂಬಿ.

ಹಂತ 3: ಎಚ್ಚರಿಕೆ ಏನು ಹೇಳುತ್ತಿದೆ, ಏನು ಹೇಳುತ್ತಿಲ್ಲ

ಅಡೋಬಿಯ ಎಡಿಟಿಂಗ್ ತಂತ್ರಾಂಶ ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಡೆವಲಪ್‌ಗೆ ಹೋಗಿ ಜೆ ಕೀ ಒತ್ತಿ. ಹೈಲೈಟ್ ಕ್ಲಿಪ್ ಆದ ಕಡೆ ಕೆಂಪು, ಶ್ಯಾಡೊ ಕ್ಲಿಪ್ ಆದ ಕಡೆ ನೀಲಿ ಬರುತ್ತದೆ. ಹಿಸ್ಟೊಗ್ರಾಮ್‌ನ ಮೇಲಿನ ಎರಡು ಮೂಲೆಗಳಲ್ಲಿ ಪುಟ್ಟ ತ್ರಿಕೋನಗಳಿವೆ, ಅವುಗಳ ಬಣ್ಣ ನೋಡಿ. ಬಿಳಿಯಾದರೆ ಮೂರೂ ಚಾನೆಲ್ ಹೋಗಿವೆ. ಕೆಂಪಾದರೆ ಕೆಂಪೊಂದೇ. ಹಳದಿಯಾದರೆ ಕೆಂಪು ಮತ್ತು ಹಸಿರು.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಅಡೋಬಿ ತಂತ್ರಾಂಶದಲ್ಲಿ ಮೂರರಲ್ಲಿ ಯಾವುದಾದರೂ ಒಂದು ಚಾನೆಲ್ ಮೇಲೆ ಮುಟ್ಟಿದರೂ ಸಾಕು, ಹೈಲೈಟ್ ಎಚ್ಚರಿಕೆ ಬರುತ್ತದೆ. ಆದರೆ ಶ್ಯಾಡೊ ಎಚ್ಚರಿಕೆ ಬರಬೇಕಾದರೆ ಮೂರೂ ಚಾನೆಲ್ 0 ಆಗಬೇಕು. ಅಂದರೆ ಚೆಂಡುಹೂವಿನಲ್ಲಿ ನೀಲಿ ಚಾನೆಲ್ ಒಂದೇ 0ಗೆ ಬಿದ್ದು ಎಸಳಿನ ವಿವರ ಹಾಳಾಗಿದ್ದರೆ ಎಚ್ಚರಿಕೆ ತುಟಿಪಿಟಿಕ್ ಅನ್ನುವುದಿಲ್ಲ. ಆಗ ಹಿಸ್ಟೊಗ್ರಾಮ್‌ನ ಎಡ ಗೋಡೆಗೆ ನೀಲಿ ರಾಶಿ ಒತ್ತಿಕೊಂಡಿದೆಯಾ ಅಂತ ನೋಡಬೇಕು. ಇಲ್ಲವೇ ಆಲ್ಟ್ ಕೀ ಹಿಡಿದು ಬ್ಲ್ಯಾಕ್ಸ್ ಸ್ಲೈಡರ್ ಮುಟ್ಟಿ, ಯಾವ ಚಾನೆಲ್ ಎಲ್ಲಿ ಬಿದ್ದಿದೆ ಅಂತ ಬಣ್ಣಬಣ್ಣವಾಗಿ ಕಾಣುತ್ತದೆ. ಮೇಲಿನ ತುದಿಗೆ ಹೀಗೆಯೇ ಆಲ್ಟ್ ಹಿಡಿದು ವೈಟ್ಸ್ ಸ್ಲೈಡರ್.

ಎರಡನೇ ಸಂಗತಿ ಇನ್ನೂ ಮುಖ್ಯ. ಲೈಟ್‌ರೂಮ್ ತನ್ನೊಳಗೆ ಪ್ರೊಫೋಟೊದಷ್ಟೇ ಅಗಲವಾದ ಜಾಗದಲ್ಲಿ ಕೆಲಸ ಮಾಡುತ್ತದೆ, ಹಿಸ್ಟೊಗ್ರಾಮ್ ತೋರಿಸುವುದೂ ಅದರದ್ದನ್ನೇ. ಅಲ್ಲಿ ಎಲ್ಲ ಸರಿಯಿದ್ದು, ಎಸ್‌ಆರ್‌ಜಿಬಿಗೆ ಎಕ್ಸ್‌ಪೋರ್ಟ್ ಮಾಡಿದ ಕ್ಷಣ ಬಣ್ಣಗಳು ಗೋಡೆಗೆ ಬಡಿಯಬಹುದು. ನಿಮ್ಮ ಎಡಿಟಿಂಗ್‌ನಲ್ಲಿ ಚೆನ್ನಾಗಿದ್ದ ಸೀರೆಯ ಅಂಚು ಫೇಸ್‌ಬುಕ್‌ಗೆ ಹಾಕಿದ ಮೇಲೆ ಮುದ್ದೆಯಾಯಿತಲ್ಲ, ಕಾರಣ ಇದು. ಫೋಟೊಶಾಪ್ ಜೊತೆ ಬರುವ ಅಡೋಬಿ ಕ್ಯಾಮೆರಾ ರಾ ತಂತ್ರಾಂಶ ಬಳಸುವವರಿಗೆ ಇದನ್ನು ಕಣ್ಣಾರೆ ನೋಡುವ ಅನುಕೂಲ ಇದೆ. ವರ್ಕ್‌ಫ್ಲೋ ಸೆಟ್ಟಿಂಗ್‌ನಲ್ಲಿ ಸ್ಪೇಸ್ ಅಂತ ಇರುವುದನ್ನು ಪ್ರೊಫೋಟೊದಿಂದ ಎಸ್‌ಆರ್‌ಜಿಬಿಗೆ ಬದಲಿಸಿ. ಸ್ಲೈಡರ್ ಒಂದನ್ನೂ ಮುಟ್ಟದೆಯೇ ಹಿಸ್ಟೊಗ್ರಾಮ್ ಅಗಲವಾಗಿ ಎರಡೂ ಗೋಡೆಗೆ ತಾಗುವುದು ಕಾಣುತ್ತದೆ.

ಹಂತ 4: ಸಾಫ್ಟ್ ಪ್ರೂಫ್ ಹಾಕಿ, ಸಂಖ್ಯೆ ಓದಿ

ಲೈಟ್‌ರೂಮ್‌ನಲ್ಲಿ ಎಸ್ ಕೀ ಒತ್ತಿದರೆ ಸಾಫ್ಟ್ ಪ್ರೂಫಿಂಗ್ ಶುರುವಾಗುತ್ತದೆ, ಅಂದರೆ ಎಕ್ಸ್‌ಪೋರ್ಟ್ ಮಾಡಿದ ಮೇಲೆ ಫೋಟೊ ಹೇಗಿರುತ್ತದೆ ಅಂತ ಮೊದಲೇ ತೋರಿಸುತ್ತದೆ. ಪ್ರೊಫೈಲ್ (ಕಲರ್ ಸ್ಪೇಸ್‌ನ ವಿವರ) ಎಸ್‌ಆರ್‌ಜಿಬಿ ಇರಲಿ. ಈಗ ಹಿಸ್ಟೊಗ್ರಾಮ್ ಎಸ್‌ಆರ್‌ಜಿಬಿಯದು. ಕರ್ಸರ್ ಇಟ್ಟ ಕಡೆಯ ಸಂಖ್ಯೆಗಳು ಶೇಕಡಾವಾರು ಬಿಟ್ಟು 0ಯಿಂದ 255ರ ಲೆಕ್ಕದಲ್ಲಿ ಬರುತ್ತವೆ. ಹಿಸ್ಟೊಗ್ರಾಮ್‌ನ ಬಲ ಮೂಲೆಯ ಗುರುತು ಒತ್ತಿದರೆ ಎಸ್‌ಆರ್‌ಜಿಬಿಗೆ ಹೊಂದದ ಬಣ್ಣಗಳೆಲ್ಲ ಗುರುತಾಗುತ್ತವೆ.

ಕಲೆ ಬಂದ ಕಡೆ ಕರ್ಸರ್ ಇಟ್ಟು ಸಂಖ್ಯೆ ಓದಿ. ಹೆಚ್ಚಾಗಿ ಈ ಮೂರರಲ್ಲಿ ಒಂದು ಸಿಗುತ್ತದೆ.

255, 252, 248ರ ತರಹ ಮೂರೂ ಮೇಲೆ ಇದ್ದರೆ ಬೆಳಕು ಜಾಸ್ತಿ. ಪಂಚೆಯ ಬಿಳಿ, ಮೋಡ, ಯಕ್ಷಗಾನದ ಬಣ್ಣದ ವೇಷದ (ರಾಕ್ಷಸ ಪಾತ್ರದ) ಮುಖದಲ್ಲಿ ಅಕ್ಕಿಹಿಟ್ಟು ಕಲಸಿ ಇಟ್ಟ ಚಿಟ್ಟಿ, ಇಂಥ ಕಡೆ.

255, 150, 0ಯ ತರಹ ಒಂದು ತುದಿಯಲ್ಲಿ, ಇನ್ನೊಂದು ತಳದಲ್ಲಿ ಇದ್ದರೆ ಬಣ್ಣ ಜಾಸ್ತಿ. ಚೆಂಡುಹೂವು, ದಾಸವಾಳ, ಕುಂಕುಮ, ರೇಷ್ಮೆ ಸೀರೆ.

255, 190, 60ರ ತರಹ ಒಂದು ಮಾತ್ರ ಮೇಲೆ ಮುಟ್ಟಿ ಉಳಿದೆರಡು ನಡುವೆ ಇದ್ದರೆ ಎರಡೂ ಸ್ವಲ್ಪ ಸ್ವಲ್ಪ. ಸೂರ್ಯಾಸ್ತ, ದೀಪದ ಬೆಳಕು ಬಿದ್ದ ಮುಖ.

ಇನ್ನೂ ಅನುಮಾನ ಇದ್ದರೆ ಒಂದು ಸುಲಭ ಪರೀಕ್ಷೆ. ಸುಮ್ನೆ ನೋಡುವುದಕ್ಕಾಗಿ ಎಕ್ಸ್‌ಪೋಶರನ್ನು ಎರಡು ಸ್ಟಾಪ್ (ಅಂದರೆ ಬೆಳಕು ಕಾಲು ಭಾಗಕ್ಕೆ) ಇಳಿಸಿ. 255 ಇದ್ದದ್ದು ಇಳಿದು ಒಳಗಿನ ವಿವರ ಹೊರಗೆ ಬಂದರೆ ರಾದಲ್ಲಿ ಮಾಹಿತಿ ಇದೆ ಅಂತ ಅರ್ಥ. ಎಲ್ಲವೂ ಒಂದೇ ಬೂದಿ ಬಣ್ಣಕ್ಕೆ ತಿರುಗಿದರೆ ಸೆನ್ಸರ್‌ನಲ್ಲೇ ಹೋಗಿದೆ. ಇನ್ನು 0 ಇದ್ದ ಚಾನೆಲ್ ಎಷ್ಟು ಇಳಿಸಿದರೂ 0ಯಲ್ಲೇ ಕೂತಿದ್ದರೆ ಅದು ಬಣ್ಣದ ತೊಂದರೆಯೇ. ಆ ಬಣ್ಣ ಎಸ್‌ಆರ್‌ಜಿಬಿಯ ಬೇಲಿಯ ಆಚೆ ಇದೆ. ಲೆಕ್ಕದಲ್ಲಿ ಆ ಚಾನೆಲ್ 0ಗಿಂತ ಕೆಳಗೆ ಇದೆ, ಬೆಳಕು ಅರ್ಧ ಮಾಡಿದರೂ ಕಾಲು ಮಾಡಿದರೂ 0ಗಿಂತ ಕೆಳಗೇ ಇರುತ್ತದೆ. ನೋಡಿದ ಮೇಲೆ ಎಕ್ಸ್‌ಪೋಶರನ್ನು ಇದ್ದಲ್ಲಿಗೇ ತಂದಿಡಿ.

ಹಂತ 5: ಬೆಳಕು ಜಾಸ್ತಿ ಆಗಿದ್ದರೆ

ಮೊದಲು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವುದು) ಸರಿ ಮಾಡಿ. ಇದನ್ನು ಕೊನೆಗೆ ಬಿಡಬೇಡಿ, ಯಾಕೆಂದರೆ ವೈಟ್ ಬ್ಯಾಲೆನ್ಸ್ ಅನ್ನುವುದೇ ಕೆಂಪು ಮತ್ತು ನೀಲಿ ಚಾನೆಲ್‌ಗಳನ್ನು ಗುಣಿಸುವ ಕೆಲಸ. ಹಗಲು ಬೆಳಕಿನಲ್ಲಿ ಸೆನ್ಸರ್‌ನಲ್ಲಿ ಸಾಮಾನ್ಯವಾಗಿ ಹಸಿರು ಮೊದಲು ತುಂಬುತ್ತದೆ, ಕೆಂಪು ಮತ್ತು ನೀಲಿಯನ್ನು ತಂತ್ರಾಂಶ ಗುಣಿಸಿ ಮೇಲೆತ್ತುತ್ತದೆ. ಹೀಗೆ ಗುಣಿಸಿದ್ದರಿಂದಲೇ ಕೆಂಪು 255 ದಾಟಿದ್ದರೆ ಮೂಲ ಫೈಲ್‌ನಲ್ಲಿ ಅದು ಕ್ಲಿಪ್ ಆಗಿರುವುದಿಲ್ಲ. ಇಳಿಸಿದರೆ ವಾಪಸ್ ಬರುತ್ತದೆ. ಬೆಚ್ಚನೆ ಬಣ್ಣಕ್ಕೆಂದು ಟೆಂಪರೇಚರ್ ತುಂಬಾ ಏರಿಸಿದವರಿಗೆ ಕೆಂಪು ಕ್ಲಿಪ್ ಆಗುವುದೂ ಇದೇ ದಾರಿಯಲ್ಲಿ.

ಆಮೇಲೆ ಎಕ್ಸ್‌ಪೋಶರನ್ನು ಮುಖಕ್ಕೆ ಸರಿಯಾಗಿ ಇಡಿ, ಹೈಲೈಟ್‌ಗೆ ಸರಿಯಾಗಿ ಅಲ್ಲ. ನಂತರ ಹೈಲೈಟ್ಸ್ ಇಳಿಸಿ, ಕೊನೆಗೆ ವೈಟ್ಸ್. ಈ ಕ್ರಮದಲ್ಲಿ ಹೋದರೆ ಮುಖದ ಹೊಳಪು ಉಳಿಯುತ್ತದೆ. ಒಂದೆರಡು ಚಾನೆಲ್ ಮಾತ್ರ ಸೆನ್ಸರ್‌ನಲ್ಲಿ ಹೋಗಿದ್ದರೆ ಉಳಿದದ್ದನ್ನು ನೋಡಿ ತಂತ್ರಾಂಶ ಊಹೆ ಮಾಡಿ ತುಂಬುತ್ತದೆ. ಮೋಡ, ಬಿಳಿ ಬಟ್ಟೆಗೆ ಈ ಊಹೆ ಚೆನ್ನಾಗಿ ಕೂರುತ್ತದೆ. ಚರ್ಮಕ್ಕೆ ಅಷ್ಟಕ್ಕಷ್ಟೆ.

ಎಲ್ಲವನ್ನೂ ಉಳಿಸಲು ಹೋಗಬೇಡಿ. ಆರತಿಯ ಜ್ವಾಲೆಯ ನಡುಭಾಗ, ಕಿರೀಟದ ಮೇಲೆ ಮಿಂಚುವ ಚುಕ್ಕೆ, ಅಲೆಯ ಮೇಲೆ ಬಿಸಿಲಿನ ಮಿಣುಕು, ಇವು ಕ್ಲಿಪ್ ಆಗಲಿ ಬಿಡಿ. ಅವುಗಳನ್ನು ಬೂದಿ ಮಾಡಿದರೆ ಚಿನ್ನವೂ ತಗಡಿನ ಹಾಗೆ ಕಾಣುತ್ತದೆ. ಚಿಟ್ಟಿಯ ಬಿಳಿ ಮಾತ್ರ ಹಾಗಲ್ಲ. ಗಂಟೆಗಟ್ಟಲೆ ಕೂತು ಒಂದೊಂದೇ ಮುಳ್ಳು ಇಟ್ಟಿರುತ್ತಾರೆ, ಅದರ ಉಬ್ಬು ಕಾಣಲೇಬೇಕು. ಬ್ರಶ್ ಮಾಸ್ಕ್ ಹಾಕಿ ಅಷ್ಟೇ ಜಾಗಕ್ಕೆ ಹೈಲೈಟ್ಸ್ ಇಳಿಸಿ, ಟೆಕ್ಸ್ಚರ್ ಸ್ವಲ್ಪ ಏರಿಸಿ.

ಹಂತ 6: ಬಣ್ಣ ಜಾಸ್ತಿ ಆಗಿದ್ದರೆ

ಈಗ ಚೆಂಡುಹೂವಿನ ರಾಶಿಗೆ ಬನ್ನಿ. ಎಕ್ಸ್‌ಪೋಶರ್ ಮುಟ್ಟುವುದಿಲ್ಲ.

ಮೊದಲು ಪ್ರೊಫೈಲ್ ನೋಡಿ. ಇದು ಕಲರ್ ಸ್ಪೇಸ್‌ನ ಪ್ರೊಫೈಲ್ ಅಲ್ಲ, ರಾ ಫೈಲ್‌ಗೆ ಬಣ್ಣ ಕಟ್ಟುವ ಬಗೆ. ಲೈಟ್‌ರೂಮ್ ರಾ ಫೈಲ್‌ಗೆ ತಾನಾಗಿ ಹಾಕುವುದು ಅಡೋಬಿ ಕಲರ್. ಅಡೋಬಿ ನ್ಯೂಟ್ರಲ್‌ಗೆ ಬದಲಿಸಿದರೆ ಕಾಂಟ್ರಾಸ್ಟ್ ಮತ್ತು ಬಣ್ಣ ಎರಡೂ ಇಳಿಯುತ್ತವೆ, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಸ್ಯಾಚುರೇಶನ್ (ಬಣ್ಣದ ಗಾಢತೆ) ಏರಿಸಿದ್ದರೆ 0ಗೆ ತನ್ನಿ. ಬಣ್ಣ ಬೇಕೇಬೇಕು ಅನಿಸಿದರೆ ವೈಬ್ರನ್ಸ್ ಬಳಸಿ, ಅದು ಈಗಾಗಲೇ ಗಾಢವಾಗಿರುವ ಬಣ್ಣಗಳನ್ನು ಅಷ್ಟಾಗಿ ತಳ್ಳುವುದಿಲ್ಲ.

ನಂತರ ಕಲರ್ ಮಿಕ್ಸರ್. ಆರೆಂಜ್ ಮತ್ತು ಯೆಲ್ಲೊ ಆರಿಸಿ ಸ್ಯಾಚುರೇಶನ್ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಕರ್ಸರ್‌ನ ಸಂಖ್ಯೆ ನೋಡಿ. ನೀಲಿ ಚಾನೆಲ್ 0 ಬಿಟ್ಟು 5, 10, 20 ಅಂತ ಮೇಲೇಳಲು ಶುರುವಾಗುತ್ತದೆ. ಆ ಗಳಿಗೆಯಲ್ಲಿ ಪರದೆಯನ್ನು 100 ಪರ್ಸೆಂಟ್‌ಗೆ ಹಿಗ್ಗಿಸಿ ನೋಡಿ: ಮುದ್ದೆಯಾಗಿದ್ದ ಹೂವಿನೊಳಗೆ ಎಸಳಿನ ಸುಕ್ಕಾದ ಅಂಚುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ, ಎರಡು ಎಸಳುಗಳ ನಡುವೆ ಕಂದು ನೆರಳು ಬರುತ್ತದೆ. ಕೆಂಪು ಇನ್ನೂ 255 ಇದ್ದರೆ ಅದೇ ಬಣ್ಣದ ಲ್ಯೂಮಿನೆನ್ಸ್ (ಹೊಳಪು) ಇಳಿಸಿ. ನೋಡಲು ಬಣ್ಣ ಕಡಿಮೆಯಾದ ಹಾಗೆ ಅನಿಸುವುದೇ ಇಲ್ಲ, ಬದಲಿಗೆ ಹೂವು ತುಂಬಿಕೊಂಡ ಹಾಗೆ ಕಾಣುತ್ತದೆ. ಆರೆಂಜ್ ಇಳಿಸುವಾಗ ಮಾತ್ರ ಒಂದು ಎಚ್ಚರ. ನಮ್ಮ ಚರ್ಮದ ಬಣ್ಣವೂ ಅದೇ ಪಟ್ಟಿಯಲ್ಲಿದೆ, ಹೂವಾಡಗಿತ್ತಿಯ ಮುಖ ಬಿಳಿಚಿಕೊಳ್ಳಬಾರದು ಅಲ್ವಾ, ಹಾಗಾಗಿ ಜನ ಇರುವ ಫೋಟೊದಲ್ಲಿ ಹೂವಿಗೆ ಮಾಸ್ಕ್ ಹಾಕಿಕೊಂಡು ಮಾಡಿ.

ಇಲ್ಲಿ ತುಂಬಾ ಜನ ಕೇಳುವುದು, ಎಸ್‌ಆರ್‌ಜಿಬಿ ಚಿಕ್ಕದು ತಾನೇ, ಅಡೋಬಿ ಆರ್‌ಜಿಬಿಗೆ ಹೋದರೆ ಆಗುವುದಿಲ್ಲವೇ ಅಂತ. ಸ್ವಲ್ಪ ಮಟ್ಟಿಗೆ ಮಾತ್ರ. ಈ ಎರಡರ ಕೆಂಪು ಮೂಲೆ ಒಂದೇ, ನೀಲಿ ಮೂಲೆಯೂ ಒಂದೇ. ಬೇರೆ ಇರುವುದು ಹಸಿರು ಮೂಲೆ. ಹಾಗಾಗಿ ಎಲೆಯ ಹಸಿರು, ಸಮುದ್ರದ ಹಸಿರು-ನೀಲಿ, ಸ್ವಲ್ಪ ಹಳದಿ-ಕೇಸರಿಗೆ ಅಡೋಬಿ ಜಾಗ ಕೊಡುತ್ತದೆ. ರಂಗದ ನೀಲಿ ಎಲ್‌ಇಡಿಗೆ ಅದರಿಂದ ಏನೂ ಪ್ರಯೋಜನ ಇಲ್ಲ. ಇನ್ನೂ ಗಾಢವಾದ ಕೆಂಪು ಬೇಕಾದರೆ ಪಿ3 ಅಥವಾ ಪ್ರೊಫೋಟೊ.

ನೀಲಿ ಎಲ್‌ಇಡಿಯ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಎಸ್‌ಆರ್‌ಜಿಬಿಯಲ್ಲಿ ಬಿಳಿಯ ಹೊಳಪು 100 ಅಂದುಕೊಂಡರೆ ಅಪ್ಪಟ ಹಸಿರಿನದು ಸುಮಾರು 72, ಕೆಂಪಿನದು 21, ನೀಲಿಯದು ಬರೀ 7. ಅಂದರೆ ಪೂರ್ತಿ ನೀಲಿಯೂ ಆಗಿರಬೇಕು, ಪೂರ್ತಿ ಬೆಳಗಲೂ ಬೇಕು ಅಂದರೆ ಪರದೆಯ ಮೇಲೆ ಅದು ಸಾಧ್ಯವೇ ಇಲ್ಲ. ಕಣ್ಣಿಗೆ ರಂಗಸ್ಥಳದಲ್ಲಿ ಕಂಡ ಆ ಉರಿಯುವ ನೀಲಿ ಫೋಟೊದಲ್ಲಿ ಬರುವುದಿಲ್ಲ. ಎರಡರಲ್ಲಿ ಒಂದನ್ನು ಬಿಡಬೇಕು. ನಾನು ಬಿಡುವುದು ಬಣ್ಣವನ್ನು. ನೀಲಿಯ ಸ್ಯಾಚುರೇಶನ್ ಧಾರಾಳವಾಗಿ ಇಳಿಸಿ ಮುಖದ ಭಾವ ಉಳಿಸಿಕೊಳ್ಳುತ್ತೇನೆ, ಯಕ್ಷಗಾನದ ಫೋಟೊದಲ್ಲಿ ಕಣ್ಣು, ಹುಬ್ಬು ಕಾಣದಿದ್ದರೆ ಉಳಿದದ್ದು ಏನಿದ್ದು ಏನು? ಬೆಳಕು ಬದಲಾಗುವ ಗಳಿಗೆಗೆ ಕಾಯುವುದಕ್ಕಿಂತ ದೊಡ್ಡ ಎಡಿಟಿಂಗ್ ಇಲ್ಲ ಅನ್ನುವುದೂ ನಿಜ. ಬಿಳಿ ಬೆಳಕು ಸ್ವಲ್ಪವಾದರೂ ಬೆರೆತಾಗ ಕ್ಲಿಕ್ ಮಾಡಿ, ಅಪ್ಪಟ ನೀಲಿಯಲ್ಲಿ ಕೆಂಪಿನ ಮಾಹಿತಿಯೇ ಇರುವುದಿಲ್ಲ, ಯಾವ ವೈಟ್ ಬ್ಯಾಲೆನ್ಸೂ ಅದನ್ನು ಹುಟ್ಟಿಸಲಾರದು.

ಹಂತ 7: ಸೂರ್ಯಾಸ್ತದ ಹಳದಿ ಉಂಗುರ

ಮರೀನ್ ಡ್ರೈವ್‌ನಲ್ಲೋ ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡ್‌ನಲ್ಲೋ ತೆಗೆದ ಸೂರ್ಯಾಸ್ತಗಳಲ್ಲಿ ಸೂರ್ಯನ ಸುತ್ತ ಒಂದು ಹಳದಿ ಉಂಗುರ, ಅದರಾಚೆ ಥಟ್ಟನೆ ಕೇಸರಿ. ಕಣ್ಣಿಗೆ ಹಾಗೆ ಕಂಡಿರಲಿಲ್ಲ. ಇದು ಒಂದೇ ಚಾನೆಲ್ ಕ್ಲಿಪ್ ಆಗುವುದರ ಫಲ. ಸೂರ್ಯನ ಹತ್ತಿರ ಹೋದಂತೆ ಕೆಂಪು ಮೊದಲು 255ಕ್ಕೆ ಬಂದು ನಿಲ್ಲುತ್ತದೆ, ಹಸಿರು ಮಾತ್ರ ಏರುತ್ತಲೇ ಇರುತ್ತದೆ. ಕೆಂಪು ಹಾಗೇ ಇದ್ದು ಹಸಿರು ಏರಿದರೆ ಕೇಸರಿ ಹಳದಿಯಾಗುತ್ತದೆ, ಆಮೇಲೆ ನೀಲಿಯೂ ಏರಿ ಬಿಳಿಯಾಗುತ್ತದೆ. ರಾದಲ್ಲಿ ಕೆಂಪು ಉಳಿದಿದ್ದರೆ ಸೂರ್ಯನ ಸುತ್ತ ರೇಡಿಯಲ್ ಮಾಸ್ಕ್ ಹಾಕಿ ಎಕ್ಸ್‌ಪೋಶರ್ ಇಳಿಸಿ, ಉಂಗುರ ಕರಗುತ್ತದೆ. ಸೆನ್ಸರ್‌ನಲ್ಲೇ ಹೋಗಿದ್ದರೆ ಅದೇ ಮಾಸ್ಕ್‌ನಲ್ಲಿ ಸ್ಯಾಚುರೇಶನ್ ಇಳಿಸಿ ಉಂಗುರವನ್ನು ಬಿಳಿಯ ಕಡೆಗೆ ಒಯ್ಯಿರಿ. ಹಳದಿ ಗೆರೆಗಿಂತ ಮೆಲ್ಲನೆ ಮಾಸುವ ಬಿಳಿ ಎಷ್ಟೋ ವಾಸಿ.

ಹಂತ 8: ಫೋಟೊಶಾಪ್‌ಗೆ ಹೋಗುವುದಾದರೆ

16 ಬಿಟ್, ಪ್ರೊಫೋಟೊದಲ್ಲಿ ಒಯ್ಯಿರಿ. 8 ಬಿಟ್‌ನಲ್ಲಿ ಪ್ರೊಫೋಟೊ ಬೇಡವೇ ಬೇಡ. ಅಷ್ಟು ಅಗಲದ ಜಾಗವನ್ನು 256 ಮೆಟ್ಟಿಲಿಗೆ ಹಂಚಿದರೆ ಒಂದೊಂದು ಮೆಟ್ಟಿಲೂ ದಪ್ಪವಾಗಿ, ಮಳೆಗಾಲದ ಬೂದು ಆಕಾಶದಲ್ಲಿ ಪಟ್ಟಿಪಟ್ಟಿಯಾಗಿ ಕಾಣುತ್ತದೆ. ಕೆಲಸ ಮುಗಿದ ಮೇಲೆ ಕನ್ವರ್ಟ್ ಟು ಪ್ರೊಫೈಲ್ ಬಳಸಿ ಎಸ್‌ಆರ್‌ಜಿಬಿಗೆ ತನ್ನಿ. ಅದರ ಪಕ್ಕದಲ್ಲೇ ಇರುವ ಅಸೈನ್ ಪ್ರೊಫೈಲ್ ಅಲ್ಲ. ಕನ್ವರ್ಟ್ ಮಾಡಿದರೆ ಸಂಖ್ಯೆ ಬದಲಾಗಿ ಬಣ್ಣ ಉಳಿಯುತ್ತದೆ. ಅಸೈನ್ ಮಾಡಿದರೆ ಸಂಖ್ಯೆ ಉಳಿದು ಬಣ್ಣ ಬದಲಾಗುತ್ತದೆ, ಪ್ರೊಫೋಟೊ ಫೋಟೊಗೆ ಎಸ್‌ಆರ್‌ಜಿಬಿ ಅಸೈನ್ ಮಾಡಿದರೆ ಎಲ್ಲವೂ ಸತ್ತ ಬಣ್ಣಕ್ಕೆ ತಿರುಗುತ್ತದೆ.

ಕನ್ವರ್ಟ್ ಮಾಡುವಾಗ ಪರ್ಸೆಪ್ಚುವಲ್ ಅಂತ ಆರಿಸಿದರೆ ಬಣ್ಣಗಳನ್ನು ನಯವಾಗಿ ಒಳಗೆ ಕೂರಿಸಿಕೊಡುತ್ತದೆ ಅನ್ನುವ ನಂಬಿಕೆ ಇದೆ. ಪ್ರಿಂಟರ್ ಪ್ರೊಫೈಲ್‌ಗಳಿಗೆ ಅದು ನಿಜ. ರೂಢಿಯಲ್ಲಿರುವ ಎಸ್‌ಆರ್‌ಜಿಬಿ ಪ್ರೊಫೈಲ್‌ನಲ್ಲಿ ಅದಕ್ಕೆ ಬೇಕಾದ ಕೋಷ್ಟಕವೇ ಇಲ್ಲ. ಯಾವುದನ್ನು ಆರಿಸಿದರೂ ಹೊರಗಿನ ಬಣ್ಣಗಳನ್ನು ಬೇಲಿಯ ಮೇಲೇ ಕತ್ತರಿಸುತ್ತದೆ. ಹಾಗಾಗಿಯೇ 6ನೇ ಹಂತದ ಕೆಲಸವನ್ನು ನಾವೇ ಕೈಯಾರೆ ಮಾಡಬೇಕು. ಮುಗಿದ ಮೇಲೆ ಚಾನೆಲ್ಸ್ ಪ್ಯಾನೆಲ್ ತೆರೆದು ಒಂದೊಂದು ಚಾನೆಲನ್ನು ಬೇರೆಯಾಗಿ ನೋಡಿ. ಹೂವಿನ ರಾಶಿ ಕೆಂಪು ಚಾನೆಲ್‌ನಲ್ಲಿ ಪೂರ್ತಿ ಬಿಳಿ ಕಾಗದದ ಹಾಗೋ, ನೀಲಿ ಚಾನೆಲ್‌ನಲ್ಲಿ ಪೂರ್ತಿ ಕಪ್ಪಾಗಿಯೋ ಇದ್ದರೆ ಇನ್ನೂ ಕೆಲಸ ಬಾಕಿ ಇದೆ.

ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳದವರಿಗೆ ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಇವೆ, ಎರಡೂ ಉಚಿತ. ಡಾರ್ಕ್‌ಟೇಬಲ್‌ನಲ್ಲಿ ರಾ ಓವರ್‌ಎಕ್ಸ್‌ಪೋಸ್ಡ್ ಅನ್ನುವ ಗುರುತು ಸೆನ್ಸರ್‌ನಲ್ಲೇ ಹೋದ ಜಾಗವನ್ನು ಬೇರೆಯಾಗಿ ತೋರಿಸುತ್ತದೆ, ಕಲರ್ ಸ್ಪೇಸ್‌ಗೆ ಹೊಂದದ ಬಣ್ಣ ತೋರಿಸುವ ಗ್ಯಾಮಟ್ ಚೆಕ್ ಬೇರೆ ಇದೆ. ಬೆಳಕಿನದು ಒಂದು ಬಟನ್, ಬಣ್ಣದ್ದು ಇನ್ನೊಂದು ಬಟನ್. ಈ ವಿಷಯ ಕಲಿಯುವವರಿಗೆ ನನ್ನ ಪ್ರಕಾರ ಅದೇ ಹೆಚ್ಚು ಸಲೀಸು.

ಹಂತ 9: ಹೊರಗೆ ಕಳಿಸುವಾಗ

ವಾಟ್ಸಾಪ್, ಫೇಸ್‌ಬುಕ್, ಸಂಘದ ಪತ್ರಿಕೆಯ ಸಂಪಾದಕರಿಗೆ ಮೇಲ್, ಎಲ್ಲಕ್ಕೂ ಎಸ್‌ಆರ್‌ಜಿಬಿ ಜೆಪೆಗ್, ಪ್ರೊಫೈಲ್ ಫೈಲ್‌ನೊಳಗೆ ಸೇರಿರಲಿ. ಅಡೋಬಿ ಆರ್‌ಜಿಬಿ ಫೈಲ್ ಕಳಿಸಿದರೆ, ಪ್ರೊಫೈಲ್ ಓದದ ಕಡೆ ಅದು ಪೇಲವವಾಗಿ ಕಾಣುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಕುಗ್ಗಿಸುವುದಿಲ್ಲ. ನಿಮ್ಮ ಹತ್ತಿರ ಮಾತ್ರ 16 ಬಿಟ್ ಪ್ರೊಫೋಟೊ ಟಿಫ್ ಅಥವಾ ರಾ ಮತ್ತು ಎಡಿಟ್ ಇರಲಿ. ನಾಳೆ ಎಲ್ಲರ ಪರದೆಯೂ ಪಿ3 ಆದರೆ ಅದರಿಂದಲೇ ಮತ್ತೆ ತೆಗೆಯಬಹುದು.

ಪ್ರಿಂಟ್ ಹಾಕಿಸುವುದಾದರೆ ಲ್ಯಾಬ್‌ಗೆ ಫೋನ್ ಮಾಡಿ ಯಾವ ಕಲರ್ ಸ್ಪೇಸ್ ಬೇಕು ಅಂತ ಕೇಳಿ. ಸಾಮಾನ್ಯವಾಗಿ ಎಸ್‌ಆರ್‌ಜಿಬಿ ಅನ್ನುತ್ತಾರೆ. ಅವರ ಕಾಗದದ ಐಸಿಸಿ ಪ್ರೊಫೈಲ್ (ಆ ಕಾಗದದಲ್ಲಿ ಬರುವ ಬಣ್ಣಗಳ ವಿವರ ಇರುವ ಫೈಲ್) ಕೊಟ್ಟರೆ ಇನ್ನೂ ಒಳ್ಳೆಯದು, 4ನೇ ಹಂತದ ಸಾಫ್ಟ್ ಪ್ರೂಫ್‌ನಲ್ಲಿ ಎಸ್‌ಆರ್‌ಜಿಬಿ ಬದಲು ಅದನ್ನು ಹಾಕಿ ನೋಡಿ. ಮ್ಯಾಟ್ ಕಾಗದದಲ್ಲಿ ಗಾಢ ಬಣ್ಣಕ್ಕೆ ಜಾಗ ಇನ್ನೂ ಕಡಿಮೆ, ಪರದೆಯಲ್ಲಿ ಸರಿ ಮಾಡಿದ ಕುಂಕುಮ ಅಲ್ಲಿ ಮತ್ತೆ ಮುದ್ದೆಯಾಗಬಹುದು. ದೊಡ್ಡ ಫ್ರೇಮ್‌ಗೆ ಆರ್ಡರ್ ಕೊಡುವ ಮುಂಚೆ ಆ ಗಾಢ ಬಣ್ಣ ಇರುವ ಭಾಗವನ್ನಷ್ಟೇ ಕತ್ತರಿಸಿ ಅದೇ ಕಾಗದದ ಮೇಲೆ ಒಂದು ಸಣ್ಣ ಪ್ರಿಂಟ್ ತೆಗೆಸಿ, ಕಿಟಕಿಯ ಹತ್ತಿರ ಹಗಲು ಬೆಳಕಿನಲ್ಲಿ ಹಿಡಿದು ನೋಡಿ, ಟ್ಯೂಬ್‌ಲೈಟ್ ಕೆಳಗೆ ಬೇಡ.